ಜೋಡಿಪಟ್ಟಿ

ಹೋಟೆಲಿನಲ್ಲಿ ದೋಸೆ ಹುಯ್ಯುವ ವಾದಿರಾಜ ಅಕ್ಕನನ್ನು ಡಾಕ್ಟರ ಮುಂದೆ ಕೂರಿಸಿ, ತಾನು ಅವಳ ಹಿಂದೆ ಬಾಗಿಲ ಬಳಿ ನಿಂತ. ಅಲ್ಲೊಂದು ಕುರ್ಚಿ ಖಾಲಿ ಇತ್ತು. ಆದರೆ ನಿಲ್ಲುವುದು ಅವನಿಗೆ ಆಯಾಸವೇ ಅಲ್ಲ. ಅವನ ಕಾಲಿಗೊಂದು, ಅಕ್ಕನ ಕಾಲಿಗೊಂದು ಜೋಡಿಪಟ್ಟಿ; ಅವನು ನಿಂತಷ್ಟು ಹೊತ್ತೂ ಅವನ ಭಾರವೆಲ್ಲ, ಅವಳು ಎಲ್ಲೇ ಇದ್ದರೂ, ಅವಳ ಕಾಲಿಗೆ ಇಳಿಯುತ್ತಿತ್ತು. ಹೋಟೆಲಿನ ಅಡುಗೆಯವರೆಲ್ಲ ಹೀಗೆ ಮನೆಯವರ ಕಾಲ ಮೇಲೆ ನಿಂತವರೇ. ರಜೆಯ ದಿನ ಪಟ್ಟಿ ಬಿಚ್ಚಿಡುವುದು ರೂಢಿ. "ನಾನು ಹೇಗೂ ಕೂತೇ ಹೊಲೀತೀನಲ್ಲೋ, ಇರ್ಲಿ ಬಿಡು" ಎಂದು ಅಕ್ಕ ಅಂದಮೇಲೆ ಅವನು ಬಿಚ್ಚಿಡುವುದನ್ನೇ ಬಿಟ್ಟಿದ್ದ. ರಜೆಯಲ್ಲೂ ಗೆಳೆಯರ ಜೊತೆ ನಿಂತೇ ಹರಟುತ್ತಿದ್ದ.

ಇಂದಿರಕ್ಕ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. ಮೀನಖಂಡದ ತುಂಬ ನೀಲಿ ನರಗಳು ಗಂಟುಗಂಟಾಗಿ ಉಬ್ಬಿದ್ದವು. ಪಾದ ಊದಿತ್ತು.

"ಸಂಜೆ ಆದ್ರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ ಡಾಕ್ಟ್ರೇ. ತುರಿಕೆ, ಸೆಳೆತ ಬೇರೆ."

"ಮೇಲೆ ಹೋಗ್ಬೇಕಾದ ರಕ್ತ ಕೆಳಗೇ ನಿಂತುಬಿಡ್ತಿದೆಯಮ್ಮ. ನಾಳದೊಳಗಿನ ಕವಾಟಗಳು ಸೋತಿವೆ. ತುಂಬಾ ಹೊತ್ತು ನಿಂತು ಮಾಡೋ ಕೆಲಸಾನಾ?"

"ಅಯ್ಯೋ, ಇಲ್ಲ. ವಯಸ್ಸಾಯ್ತು, ಅಷ್ಟೆ" ಎಂದಳು ಅಕ್ಕ, ಸೀರೆ ಇಳಿಸಿ ಪಟ್ಟಿಯನ್ನು ಮುಚ್ಚುತ್ತಾ.

ಡಾಕ್ಟರು ಆಗಲೇ ಪಟ್ಟಿಯನ್ನು ಕಂಡಿದ್ದರು. ವಾದಿರಾಜನ ಕಾಲಿನ ಕಡೆ ನೋಡಿದರು. ಅವನ ಮುಖ ಕಾವಲಿಯ ಮುಂದೆ ನಿಂತ ಹಾಗೆ ಬಿಸಿಯಾಯಿತು. ಸದ್ದಾಗದಂತೆ ಆ ಖಾಲಿ ಕುರ್ಚಿಯಲ್ಲಿ ಕೂತ.

ಅಕ್ಕ ಹಿಂದೆ ತಿರುಗಿ ನೋಡಲಿಲ್ಲ. ದೀರ್ಘವಾಗಿ ಉಸಿರು ಬಿಟ್ಟಳು.

"ನೋಡಿ ಡಾಕ್ಟ್ರೇ, ನೀವು ಮಾತಾಡ್ಸಿದ್ದಕ್ಕೇ ಕಾಲು ಎಷ್ಟು ಹಗುರ ಆಯ್ತು!"