ನೆನೆಸಿಟ್ಟ ಕಂಡಿಕೆ

ಮೊನ್ನೆ ಮಳೆಗೆ ಸಿಕ್ಕಿದ ರೇಷ್ಮೆ ಸೀರೆಯನ್ನು ಹಿಂಡುವಾಗ ಎದ್ದ ವಾಸನೆಗೆ ಮೊಳಕಾಲ್ಮೂರಿನ ಆ ಮಧ್ಯಾಹ್ನ ನೆನಪಾಯಿತು.

ಕೂಲಿ ಹೆಚ್ಚಿಸುವವರೆಗೆ ಯಾರೂ ನೇಯಬಾರದೆಂದು ನಮ್ಮ ಬೀದಿಯ ನೇಕಾರರೆಲ್ಲ ಮಗ್ಗ ನಿಲ್ಲಿಸಿದ್ದರು. ಬೀದಿ ಎಷ್ಟು ಸುಮ್ಮನಿತ್ತೆಂದರೆ ಯಾರೋ ಕೆಮ್ಮಿದರೂ ಕೇಳುತ್ತಿತ್ತು. ತಮ್ಮನಿಗೆ ಜ್ವರ ಬಿಟ್ಟಿರಲಿಲ್ಲ, ಔಷಧಿಗೆ ದುಡ್ಡಿರಲಿಲ್ಲ. ಅಂದು ಅಪ್ಪ ಬಾಗಿಲು ಹಾಕಿ, ಸದ್ದಾಗದಂತೆ ಮಗ್ಗದ ಬಡಿಯುವ ಹಲಗೆಗೆ ಅವ್ವನ ಹಳೆ ಸೀರೆ ಸುತ್ತಿ ನೇಯಲು ಕುಳಿತ.

"ಯಾರಾದ್ರೂ ಬಂದ್ರೆ ಅಪ್ಪ ಮಲಗೈತೆ ಅನ್ನು," ಎಂದು ಅವ್ವ ನನಗೆ ಹೇಳಿದಳು.

ಎದುರು ಮನೆಯ ಸುಂಕಮ್ಮತ್ತೆ ತಮ್ಮನಿಗೆಂದು ಗಂಜಿ ತಂದು ಹಿತ್ತಿಲ ಬಾಗಿಲಿಂದ ಕರೆದಳು. ಅಪ್ಪ ಥಟ್ಟನೆ ಚಾಪೆಗೆ ಒರಗಿದ. ರೇಷ್ಮೆ ನೂಲು ಸುತ್ತಿದ ಕಂಡಿಕೆ ಕೊಳವೆಗಳು ಮಾತ್ರ ಮಗ್ಗದ ಪಕ್ಕ ಬಟ್ಟಲಿನ ನೀರಲ್ಲೇ ಇದ್ದವು. ನೇಯಲು ಕುಳಿತಾಗಷ್ಟೇ ಕಂಡಿಕೆ ನೆನೆಸುತ್ತಾರೆ.

"ನಿಮ್ಮಪ್ಪ ಮಲಗೈತೇನವ್ವ?"

"ಹೂಂ ಅತ್ತೆ," ಎಂದೆ.

ಒಳಗೆ ಬಂದ ಅವಳ ಕಣ್ಣು ಬಟ್ಟಲಿನ ಮೇಲೆ ಬಿತ್ತು. ಗಂಜಿಯನ್ನು ನಮ್ಮ ಪಾತ್ರೆಗೆ ಬಗ್ಗಿಸಿ, ಗಂಜಿಗೆ ಮುಚ್ಚಿ ತಂದಿದ್ದ ತಟ್ಟೆಯನ್ನು ಬಟ್ಟಲಿನ ಮೇಲೆ ಮುಚ್ಚಿದಳು. "ಬೇರೆಯವ್ರು ಬಂದಾರು," ಎಂದು ಹೊರಟಳು.

ಸಂಜೆ ಅವಳ ಮನೆಯ ಮಗ್ಗ ಬಡಿಯತೊಡಗಿತು. ಆಮೇಲೆ ಪಕ್ಕದ ಮನೆಯದು. ಯಾವುದಕ್ಕೂ ಬಟ್ಟೆ ಸುತ್ತಿರಲಿಲ್ಲ; ಕೂಲಿಯೂ ಹೆಚ್ಚಿರಲಿಲ್ಲ.

ಅಪ್ಪ ಹಲಗೆಗೆ ಸುತ್ತಿದ್ದ ಸೀರೆಯನ್ನು ಬಿಚ್ಚಿ, ಮಡಚಿ, ತಲೆಯೆತ್ತದೆ ಅವ್ವನ ಕೈಗೆ ಕೊಟ್ಟ.