ಮಾಳಮ್ಮನ ಸೀಸೆ ಕೆಂಪಾಯಿತು

"ಮೊದಲ ನನಗ ಚುಚ್ಚರಿ. ಆಮ್ಯಾಲ ಅವರಿಗೆ," ಎಂದು ಮಾಳಮ್ಮ ಸೂಜಿಯ ಮುಂದೆ ತೋಳು ಚಾಚಿಯೇಬಿಟ್ಟಳು.

ನೂರು ವರ್ಷದ ಹಿಂದಿನ ಮಾತು. ಶಹಾಬಾದಿನ ಜಯತೀರ್ಥ ಡಾಕ್ಟರರಿಗೆ ನಗು ಬಂತು. ವಿಲಾಯತಿಯಿಂದ ಹಡಗಿನಲ್ಲಿ ಬಂದ ಆ ಬಣ್ಣದ ಔಷಧಿ ಅವಳಿಗಲ್ಲ, ಗಂಡ ಖಂಡೆಪ್ಪನಿಗೆ. ಭಂಕೂರದ ಕಲ್ಲುಗಣಿಯ ಆಳು, ಮುಖ ಕಾಲು ಬಾತು ತಿಂಗಳಿನಿಂದ ಮಲಗಿದ್ದ. ಅವನ ಮೂತ್ರಪಿಂಡದಲ್ಲಿ ಇನ್ನೆಷ್ಟು ಕಸುವಿದೆ ಎಂದು ತಿಳಿಯಬೇಕಿತ್ತು. ಆದರೆ ಮಾಳಮ್ಮ ಹಟಮಾರಿ. ವೈದ್ಯರ ಕಷಾಯವಿರಲಿ, ದರ್ಗಾದ ನೀರಿರಲಿ, ತಾನೊಂದು ಗುಟುಕು ಕುಡಿದು ಬದುಕಿದ ಮೇಲೆಯೇ ಗಂಡನ ಬಾಯಿಗೆ. ಹೋಲಿಸಿ ನೋಡಲಿಕ್ಕಾದರೂ ಆಯಿತೆಂದು ಡಾಕ್ಟರರು ಇಬ್ಬರಿಗೂ ಚುಚ್ಚಿದರು.

ಎರಡು ತಾಸಿನ ಮೇಲೆ ಇಬ್ಬರ ಮೂತ್ರವೂ ಎರಡು ಸೀಸೆಗಳಲ್ಲಿ ಮೇಜಿನ ಮೇಲಿತ್ತು. ನಾಚಿಕೆಯಿಂದ ಮಾಳಮ್ಮ ತಲೆ ಎತ್ತಿರಲಿಲ್ಲ. ಡಾಕ್ಟರರು ಎರಡಕ್ಕೂ ಕ್ಷಾರದ ನೀರು ಬಿಟ್ಟರು. ಅರಿಶಿನಕ್ಕೆ ಸುಣ್ಣ ಬಿದ್ದ ಹಾಗೆ ಒಂದು ಸೀಸೆ ಥಟ್ಟನೆ ಕೆಂಪಾಯಿತು. ಇನ್ನೊಂದರಲ್ಲಿ ಬಣ್ಣ ಬಂದೂ ಬಾರದಂತಿತ್ತು.

"ತೋಳಿಗೆ ಹಾಕಿದ್ದು ಇಲ್ಲಿಗೆ ಹ್ಯಾಂಗ ಬಂತ್ರಿ?" ಖಂಡೆಪ್ಪ ಬೆರಗಾಗಿ ಕೇಳಿದ.

"ಮೈಯಾಗ ಎರಡ ಗುರ್ದಾ ಇರ್ತಾವಪ್ಪ. ಅವು ಹಗಲು ರಾತ್ರಿ ರಕ್ತ ಸೋಸಿ ಬ್ಯಾಡಾದದ್ದು ಹೊರಗ ಹಾಕ್ತಾವ, ಈ ಬಣ್ಣಾನೂ ಹಂಗ."

ಖಂಡೆಪ್ಪ ಮೆಲ್ಲಗೆ ತನ್ನ ಸೊಂಟ ಮುಟ್ಟಿಕೊಂಡ. "ಇಪ್ಪತ್ತ ವರ್ಷ ಕಲ್ಲ ಒಡದೀನ್ರಿ, ದಣಿದಾಗೆಲ್ಲಾ ಕುಂತೀನಿ. ನನ್ನೊಳಗ ಒಮ್ಮಿನೂ ಕುಂಡ್ರಲಾರದ ದುಡಿಯೋರು ಅದಾರಂತ ಗೊತ್ತೇ ಇರಲಿಲ್ಲ."

"ಕೆಂಪನ್ನದು ಯಾರದ್ರಿ?" ಮಾಳಮ್ಮ ನಡುವೆ ಬಾಯಿ ಹಾಕಿದಳು.

"ನಿಂದವ್ವ."

ಅವಳ ಮುಖ ಅರಳಿತು. ಕೆಂಪು ಕಂಡರೆ ಬೇನೆ ಕಂಡಿತೆಂದೇ ಅವಳ ತಿಳಿವಳಿಕೆ. ತಾಳಿಯನ್ನು ಕಣ್ಣಿಗೊತ್ತಿಕೊಂಡು, "ಹಂಗಾರ ಬ್ಯಾನಿ ನನಗ ಅದ! ಅವರಿಗೇನೂ ಇಲ್ಲ. ಏಳ್ರಿ, ಊರಿಗೆ ಹೋಗೂಣು," ಎಂದಳು. ತನಗೆ ರೋಗವೆಂದು ಹಿಗ್ಗಿದವರನ್ನು ಡಾಕ್ಟರರು ಅಲ್ಲಿಯವರೆಗೆ ಕಂಡಿರಲಿಲ್ಲ.

"ಉಲ್ಟಾ ತಿಳಕೊಂಡೆವ್ವ. ಎಷ್ಟು ಕೆಂಪೋ ಅಷ್ಟು ಛಲೋ. ನಿನ್ನ ಗುರ್ದಾ ಭಾಳ ಗಟ್ಟಿ ಅದಾವ. ಅವನವು ದಣದಾವ. ಉಪ್ಪು ಬಿಡಸೂಣು, ಮಲಗಸೂಣು. ಅದಕ್ಕಿಂತ ಹೆಚ್ಚಿಂದು ನನ್ನ ಕೈಯಾಗ ಇಲ್ಲ."

ಮಾಳಮ್ಮ ಅಳಲಿಲ್ಲ. ತನ್ನ ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದಳು.

"ನನ್ನವು ಎರಡೂ ಗಟ್ಟಿ ಅದಾವಂದ್ರಲ್ಲ. ಒಂದ ತಗದು ಅವರಿಗೆ ಹಾಕ್ರಿ."

"ಆ ವಿದ್ಯಾ ಜಗತ್ತಿನಾಗ ಯಾರಿಗೂ ಬರಂಗಿಲ್ಲವ್ವ."

"ಹಂಗಾರ ನೀವು ಕಲೀರಿ," ಎಂದು ಮಾಳಮ್ಮ ನೆಲದ ಮೇಲೆ ಕುಳಿತಳು. "ಅಲ್ಲೀತನಕ ನಾ ಇಲ್ಲೇ ಕುಂದರ್ತೀನಿ."