ಒಂದು ತಾಸು ಯಾರೂ ಮುಟ್ಟದ ಬಟನ್

ಇದನ್ನು ಓಡಾಡುತ್ತಾ ಓದಬೇಡಿ. ಒಂದು ಕಡೆ ಕೂತು ಓದಿ...

ಹುಬ್ಬಳ್ಳಿಯ ಒಂದು ಪುಟ್ಟ ಕಂಪನಿಯಲ್ಲಿ ಶ್ರೀಶೈಲ ಎಂಬ ಎಂಜಿನಿಯರ್. ಆಸ್ಪತ್ರೆಯ ಹಾಸಿಗೆ ಪಕ್ಕ ಇಡುವ ಬೆಲ್ ಅವನೇ ಮಾಡಿದ್ದು. ರೋಗಿ ಬಟನ್ ಒತ್ತಿದರೆ ನರ್ಸ್ ಮೇಜಿನ ಮೇಲೆ ಸದ್ದಾಗಬೇಕು, ಅಷ್ಟೇ.

ಅದು ಬ್ಯಾಟರಿಯಲ್ಲಿ ನಡೆಯುವಂಥದ್ದು. ಕೆಲಸವಿಲ್ಲದಾಗ ಒಳಗಿನ ಪ್ರೊಸೆಸರ್ ಮಲಗಿಬಿಡುತ್ತದೆ... ಮೊದಲು ಕೋಳಿನಿದ್ದೆ, ಹೊತ್ತು ಹೋದಂತೆ ಗಾಢನಿದ್ದೆ. ನಿದ್ದೆ ಗಾಢವಾದಷ್ಟೂ ಬ್ಯಾಟರಿ ಉಳಿಯುತ್ತದೆ, ಏಳುವುದು ಮಾತ್ರ ತಡವಾಗುತ್ತದೆ.

ಬಟನ್ ಒತ್ತಿದ ಮೇಲೆ ಅದು ಎದ್ದು ಓಗೊಡಲು ಹಿಡಿಯುವ ಹೊತ್ತಿಗೆ ಆ ಕಸುಬಿನವರು ಇಂಟರಪ್ಟ್ ಲೇಟೆನ್ಸಿ ಎನ್ನುತ್ತಾರೆ.

ಶ್ರೀಶೈಲ ಅದನ್ನು ಹತ್ತು ಸಾವಿರ ಸಲ ಅಳೆದಿದ್ದ. ಒಂದು ಸಲವೂ ಒಂದು ಮಿಲಿಸೆಕೆಂಡ್ ದಾಟಿರಲಿಲ್ಲ.

ತಿಂಗಳಿಗೇ ಮುಗಿಯುತ್ತಿದ್ದ ಬ್ಯಾಟರಿ ಹತ್ತು ತಿಂಗಳು ಬರತೊಡಗಿತು. ಮಾಲೀಕರು ಎಲ್ಲರೆದುರು ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡ ಮೇಲೆ ಮನುಷ್ಯನ ಕತ್ತು ತುಸು ನೆಟ್ಟಗಾಗುತ್ತದೆ ನೋಡಿ... ಇವನಿಗೂ ಆಯಿತು.

ಒಂದು ದಿನ ಆಸ್ಪತ್ರೆಯಿಂದ ಫೋನ್ ಬಂತು.

ಲಕ್ವ ಹೊಡೆದಿದ್ದ ಅಜ್ಜ ಒಬ್ಬರು ಮಧ್ಯಾಹ್ನ ಹಾಸಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಬಟನ್ ಒತ್ತಿದೆ, ಯಾರೂ ಬರಲಿಲ್ಲ, ತಾನೇ ಇಳಿಯಲು ಹೋದೆ ಎನ್ನುತ್ತಿದ್ದರು.

ಡ್ಯೂಟಿಯಲ್ಲಿದ್ದ ಸಿಸ್ಟರ್ ನೀಲವ್ವ ಬೆಲ್ ಆಗಲೇ ಇಲ್ಲ ಎನ್ನುತ್ತಿದ್ದರು. ಹನ್ನೆರಡು ವರ್ಷದ ಸರ್ವಿಸ್... ಒಂದು ಕಪ್ಪು ಚುಕ್ಕೆಯೂ ಇಲ್ಲ.

ಇಬ್ಬರಲ್ಲಿ ಯಾರದು ನಿಜ ಎಂದು ಹೇಳಲು ಶ್ರೀಶೈಲನನ್ನು ಕರೆಸಿದರು.

ಅವನು ಹೆಬ್ಬೆರಳು ಊರಿ ಮೂವತ್ತು ಸಲ ಬಟನ್ ಒತ್ತಿದ. ಮೂವತ್ತು ಸಲವೂ ಬೆಲ್ ಆಯಿತು. ಹೇಗೆ ಒತ್ತಿದಿರಿ ಎಂದು ಅಜ್ಜನನ್ನು ಕೇಳಿದರೆ, ಅವರು ನಡುಗುವ ಎಡಗೈ ಎತ್ತಿ ಬೆರಳ ತುದಿಯನ್ನು ಗಾಳಿಯಲ್ಲಿ ಒಮ್ಮೆ ತಾಗಿಸಿ ಬಿಟ್ಟರು.

"ಸರ್, ನಾ ಅಲ್ಲೇ ಕುಂತಿದ್ದೆರಿ," ಎಂದರು ನೀಲವ್ವ. "ಊಟ ಆಗಿ ಎಲ್ಲಾರೂ ಮಲಗಿದ್ರು... ಒಂದು ತಾಸಿನಿಂದ ಒಂದೂ ಬೆಲ್ ಆಗಿರಲಿಲ್ಲ."

"ಯಂತ್ರ ಸುಳ್ಳು ಹೇಳೂದಿಲ್ಲರಿ ಸಿಸ್ಟರ್," ಎಂದ ಶ್ರೀಶೈಲ.

ಬೆಲ್ ಸರಿಯಾಗಿದೆ ಎಂಬ ರಿಪೋರ್ಟಿಗೆ ಸಹಿ ಹಾಕಿದ. ಅಂದೇ ಸಂಜೆ ನೀಲವ್ವನ ಕೆಲಸ ಹೋಯಿತು.

ನಾಲ್ಕು ದಿನ ಕಳೆಯಿತು. ಲ್ಯಾಬಿನಲ್ಲಿ ಹೊಸ ಬೆಲ್‌ಗಳ ಟೆಸ್ಟ್ ನಡೆದಿತ್ತು. ಅವನೇ ಮಾಡಿಟ್ಟಿದ್ದ ಯಂತ್ರದ ಬೆರಳು ಸೆಕೆಂಡಿಗೊಮ್ಮೆ ಬಟನ್ ಒತ್ತುತ್ತಿತ್ತು... ಟಕ್, ಟಕ್, ಟಕ್.

ಒಂದು ತಾಸಿನಿಂದ ಒಂದೂ ಬೆಲ್ ಆಗಿರಲಿಲ್ಲ... ನೀಲವ್ವನ ಆ ಮಾತು ಯಾಕೋ ಎದೆಯಲ್ಲಿ ಚುಚ್ಚಿತು.

ಅವನ ಟೆಸ್ಟಿನಲ್ಲಿ ಬಟನ್ ಎರಡು ಸೆಕೆಂಡ್ ಕೂಡ ಸುಮ್ಮನಿದ್ದದ್ದೇ ಇಲ್ಲ!

ಯಂತ್ರ ನಿಲ್ಲಿಸಿದ. ಒಂದು ತಾಸು ಬೆಲ್ಲನ್ನು ಮುಟ್ಟದೆ ಅದರ ಎದುರೇ ಕೂತ. ಆಮೇಲೆ ಆ ಅಜ್ಜನ ಹಾಗೆ ಬೆರಳ ತುದಿ ತಾಗಿಸಿ ಬಿಟ್ಟ.

ಸದ್ದಿಲ್ಲ.

ಗಾಢನಿದ್ದೆಯಿಂದ ಏಳಲು ಅದಕ್ಕೆ ಅರ್ಧ ಸೆಕೆಂಡ್ ಬೇಕಿತ್ತು. ಅಷ್ಟರಲ್ಲಿ ಸೋತ ಬೆರಳು ಬಟನ್ ಬಿಟ್ಟಿರುತ್ತಿತ್ತು. ಪ್ರೊಸೆಸರ್ ಎದ್ದು ನೋಡುತ್ತಿತ್ತು, ಯಾರೂ ಒತ್ತುತ್ತಿಲ್ಲ... ಮತ್ತೆ ಮಲಗುತ್ತಿತ್ತು.

ಹತ್ತು ಸಾವಿರ ಸಲ ಅವನು ಅಳೆದದ್ದು ಬರೀ ಕೋಳಿನಿದ್ದೆಯನ್ನು. ಸೆಕೆಂಡಿಗೊಮ್ಮೆ ತಿವಿಯುತ್ತಿದ್ದರೆ ಯಾರಿಗೆ ತಾನೇ ಗಾಢನಿದ್ದೆ ಬಂದೀತು?

ಅವನು ಎದ್ದು ನೇರ ಮಾಲೀಕರ ಬಳಿ ಹೋಗಿ ಎಲ್ಲ ಹೇಳಿದ.

ಮಾಲೀಕರು ಎಲ್ಲ ಕೇಳಿಸಿಕೊಂಡು, ಸಾಫ್ಟ್‌ವೇರ್ ಸರಿಮಾಡಿ ಸುಮ್ಮನೆ ಹಾಕಿಬಿಡು, ಆಸ್ಪತ್ರೆಗೆ ಬರೆದುಕೊಡುವ ಉಸಾಬರಿ ಬೇಡ ಎಂದರು. ದೊಡ್ಡ ಆರ್ಡರ್ ಇನ್ನೇನು ಕೈಗೆ ಬರುವುದರಲ್ಲಿತ್ತು.

ಅವನು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಕೂತು ಆಸ್ಪತ್ರೆಗೆ ಮೂರೇ ಸಾಲು ಬರೆದ. ಸಿಸ್ಟರ್ ಹೇಳಿದ್ದು ನಿಜ. ಅಜ್ಜ ಹೇಳಿದ್ದೂ ನಿಜ. ನನ್ನ ಅಳತೆಯೇ ಸುಳ್ಳು.

ಆರ್ಡರ್ ಕೈತಪ್ಪಿತು. ಮಾಲೀಕರು ಮಾತು ಬಿಟ್ಟರು. ಆಸ್ಪತ್ರೆಯವರು ನೀಲವ್ವನನ್ನು ಮರಳಿ ಕರೆದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ಸಮಾಧಾನವಿರುತ್ತಿತ್ತು...

ಶ್ರೀಶೈಲ ಕ್ಷಮೆ ಕೇಳಲು ನೀಲವ್ವನ ಮನೆಗೆ ಹೋದ. ಅವರು ಒಳಗೆ ಕರೆದರು, ಚಹಾ ಕೊಟ್ಟರು. ಒಂದೂ ಕಟು ಮಾತು ಆಡಲಿಲ್ಲ.

ಆಮೇಲೆ ಮೆಲ್ಲಗೆ ಹೇಳಿದರು, "ಯಂತ್ರ ಸುಳ್ಳು ಹೇಳೂದಿಲ್ಲ ಅಂದ್ರಲ್ಲರಿ ಸರ್... ನಾನೂ ಅದನ್ನ ನಂಬಿದೆ. ಹಂಗಾರ ಅಜ್ಜಾರು ಒತ್ತೇ ಇಲ್ಲ, ನನ್ನ ಮ್ಯಾಲೆ ಸುಳ್ಳು ಹೇಳ್ಯಾರ ಅಂತ ತಿಳಕೊಂಡೆ."

ಶ್ರೀಶೈಲ ಚಹಾದ ಲೋಟ ಕೆಳಗಿಟ್ಟ.

"ಅವತ್ತ ಕೆಲಸ ಬಿಟ್ಟು ಹೊಂಟಾಗ ಅವರ ಹಾಸಿಗಿ ಮುಂದನ ಹಾದು ಹೋದೆ. ಅಜ್ಜಾರು ನನ್ನ ಕಡೆ ಕೈ ಚಾಚಿದ್ರು... ನಾ ಮಾರಿ ತಿರುವಿದೆರಿ."

ಮುರಿದ ಸೊಂಟಕ್ಕೆ ಆಪರೇಷನ್ ಆದ ಮೂರನೆಯ ದಿನವೇ ಅಜ್ಜ ತೀರಿಕೊಂಡಿದ್ದರು.

"ಕೆಲಸ ನೀವು ತಿರುಗಿ ಕೊಡಿಸಿದ್ರಿ," ಎಂದರು ನೀಲವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಆ ಕೈ ಈಗ ಎಲ್ಲಿ ಹೋಗಿ ಹಿಡೀಲಿ ಹೇಳ್ರಿ."

ಹತ್ತು ಸಾವಿರ ಸಲ ಅಳೆದವನೂ ಅಲ್ಲೇ ಕೂತು ಅತ್ತ.

✦

*ಒಬ್ಬರ ಮಾತನ್ನು ಸುಳ್ಳು ಎನ್ನುವ ಮುನ್ನ ನಮ್ಮ ಅಳತೆಯನ್ನು ಇನ್ನೊಮ್ಮೆ ನೋಡಿಕೊಳ್ಳೋಣ.*

ನೀವು ಯಾರ ಮಾತನ್ನು ನಂಬದೆ ಮುಖ ತಿರುಗಿಸಿ ಬಂದಿದ್ದೀರಿ...? ಅವರು ಇನ್ನೂ ಇದ್ದಾರಲ್ಲವೇ?